ಕಿದ್ವಾಯಿಯ ಸಂಶೋಧನೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಸಂಶೋಧನೆ ಎಷ್ಟು ನಡೆದಿದೆ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಬುಕ್ಕಾಂಬುಧಿ

ಉತ್ತರ: ಪ್ರಕಟವಾದ ಪ್ರಬಂಧಗಳಿಂದ. ಪಬ್‌ಮೆಡ್, ಸ್ಕೋಪಸ್‌ನಂಥ ದತ್ತಸಂಚಯಗಳಲ್ಲಿ ಲೇಖಕರ ವಿಳಾಸ ನೋಡಿ ವರ್ಷವಾರು ಎಣಿಸುತ್ತಾರೆ. ಸಂಸ್ಥೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ; ಎಲ್ಲ ರೂಪಗಳನ್ನೂ ಹುಡುಕದಿದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಇತರರು ಆ ಪ್ರಬಂಧಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆಂಬ ಲೆಕ್ಕ. ಈ ಎರಡೂ ಲೆಕ್ಕಗಳನ್ನು ಕೂಡಿಸುವ ಅಳತೆಯಾಗಿ 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕ 20 ಎಂದರೆ, ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಪ್ರಬಂಧಗಳಿವೆ ಎಂದರ್ಥ.

ಇಷ್ಟರಿಂದಲೇ ತೀರ್ಪು ಕೊಡುವುದು ಅನ್ಯಾಯ. 1973ರಲ್ಲಿ ಆರಂಭವಾದ ಕಿದ್ವಾಯಿ, 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಯಾವ ಕ್ಯಾನ್ಸರ್ ಹೆಚ್ಚುತ್ತಿದೆ, ಯಾವ ವಯಸ್ಸಿನವರಲ್ಲಿ ಎಂಬುದನ್ನು ತಿಳಿಸುವ ಈ ದಶಕಗಳ ದುಡಿಮೆಯ ಬೆಲೆ ಪ್ರಬಂಧಗಳ ಸಂಖ್ಯೆಯಲ್ಲಿ ಪೂರ್ತಿ ಕಾಣುವುದಿಲ್ಲ.