ತೋಡರ ಮನೆಯ ಮಲಗುವ ಕಟ್ಟೆ: ಅರ್ಥನಿರೂಪಣೆಯ ಒಂದು ಸಮಸ್ಯೆ

ಶೀತಪ್ರದೇಶಗಳ ಸಾಂಪ್ರದಾಯಿಕ ಮನೆಗಳಲ್ಲಿ ಹಾಸಿಗೆಯನ್ನು ಸುತ್ತುವರಿದು ಮುಚ್ಚುವ ಏರ್ಪಾಡು ಉಂಟು. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಸರಿಸುವ ಬಾಗಿಲುಗಳುಳ್ಳ, ಪೆಟ್ಟಿಗೆಯಂತಹ ಮರದ ಮಂಚಗಳಿದ್ದವು. ಮಲಗಿದವರ ಮೈಶಾಖ ಅದರೊಳಗೇ ಉಳಿಯುತ್ತಿತ್ತು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಸುತ್ತಲಿನ ತೋಡರ ಹಳೆಯ ಮನೆಗಳಲ್ಲಿ ಅಂತಹ ಮಂಚವಿಲ್ಲ. ಅದರ ಕೆಲಸವನ್ನು ಇಡೀ ಮನೆಯೇ ನಿರ್ವಹಿಸುತ್ತದೆ.

ಎಡ್ಗರ್ ಥರ್ಸ್ಟನ್ನರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಈ ಮನೆಯ ವಿವರವಾದ ವರ್ಣನೆಯಿದೆ. ಬಿದಿರು, ಬೆತ್ತ, ಹುಲ್ಲುಗಳಿಂದ ಕಮಾನಿನಂತೆ ಬಾಗಿಸಿದ ಮನೆಯ ಎತ್ತರ ಸುಮಾರು 10 ಅಡಿ, ಉದ್ದ 18 ಅಡಿ, ಅಗಲ 9 ಅಡಿ. ಬಾಗಿಲಿನ ಎತ್ತರ 32 ಅಂಗುಲ, ಅಗಲ 18 ಅಂಗುಲ ಮಾತ್ರ; ಒಳಹೋಗುವವರು ಅಂಬೆಗಾಲಿಡಬೇಕು. ನಾಲ್ಕರಿಂದ ಆರು ಅಂಗುಲ ದಪ್ಪದ ಹಲಗೆಯನ್ನು ಒಳಗಿನಿಂದ ಸರಿಸಿ ಅದನ್ನು ಮುಚ್ಚುತ್ತಾರೆ. ಕಿಟಕಿಯಾಗಲಿ ಹೊಗೆಗಂಡಿಯಾಗಲಿ ಇಲ್ಲ. ಒಳಗೆ ಒಂದು ಬದಿಗೆ ಎರಡು ಅಡಿ ಎತ್ತರದ ಮಣ್ಣಿನ ಕಟ್ಟೆ, ಎದುರು ಬದಿಗೆ ಒಲೆ. ಕಟ್ಟೆಯ ಮೇಲೆ ಕಡವೆಯ ಇಲ್ಲವೆ ಎಮ್ಮೆಯ ಚರ್ಮವನ್ನೋ ಚಾಪೆಯನ್ನೋ ಹಾಸಿ ಮಲಗುತ್ತಾರೆ. ಇಲ್ಲಿ ಕಟ್ಟೆ ಸ್ಥಿರ. ಸುತ್ತಿ ತೆಗೆದಿಡಬಹುದಾದುದು ಹಾಸು ಮಾತ್ರ.

ಆ ವರ್ಣನೆ ಈ ಕಟ್ಟೆಯನ್ನು ‘ಪಯಲ್’ ಎಂದು ಕರೆಯುತ್ತದೆ. ಪೋರ್ಚುಗೀಸ್ ಮೂಲದ ಈ ಪದವನ್ನು ವಸಾಹತು ಕಾಲದ ಇಂಗ್ಲಿಷಿನಲ್ಲಿ ಮನೆಯ ಹೊರಗಿನ, ದಾರಿಹೋಕರೂ ಕೂರಬಹುದಾದ ಕಟ್ಟೆಗೆ ಬಳಸುತ್ತಿದ್ದರು. ಕನ್ನಡದ ‘ಜಗಲಿ’, ತಮಿಳಿನ ‘ತಿಣ್ಣೈ’ ಸೂಚಿಸುವುದೂ ಸಾಮಾನ್ಯವಾಗಿ ಇದನ್ನೇ. ತೋಡರ ಕಟ್ಟೆಯಾದರೋ ಮನೆಯ ಅತ್ಯಂತ ಒಳಗಿನ, ಮುಚ್ಚಿದ ನೆಲೆ. ‘ಮಂಚ’ ಎಂದರೂ ಸಲ್ಲದು. ಮಂಚವನ್ನು ಎತ್ತಿ ಬೇರೆಡೆ ಇಡಬಹುದು, ಇದನ್ನು ಗೋಡೆಯಿಂದ ಬೇರ್ಪಡಿಸಲಾಗದು.

ಆದ್ದರಿಂದ ಕೋಶಗಳಲ್ಲಿ ‘ಮಲಗುವ ಕಟ್ಟೆ’ ಎಂಬ ಅರ್ಥವನ್ನಷ್ಟೇ ಕೊಟ್ಟರೆ ಸಾಲದು. ಕಟ್ಟೆ, ಎದುರಿನ ಒಲೆ, ಸರಿಯುವ ಹಲಗೆ ಈ ಮೂರೂ ಕೂಡಿಯೇ ಬೆಚ್ಚನೆಯ ನಿದ್ರೆಯ ಏರ್ಪಾಡಾಗುತ್ತದೆ. ಒಂದನ್ನು ಬಿಟ್ಟರೆ ಉಳಿದೆರಡರ ಉದ್ದೇಶ ತಿಳಿಯದು. ಇಂದು ಹೆಚ್ಚಿನ ತೋಡ ಕುಟುಂಬಗಳು ಇಟ್ಟಿಗೆ, ಕಾಂಕ್ರೀಟಿನ ಮನೆಗಳಲ್ಲಿ ವಾಸಿಸುತ್ತಿವೆ. ಮಲಗಲು ಅಂಗಡಿಯ ಮಂಚಗಳು ಬಂದಿವೆ. ವಸ್ತು ಕಣ್ಮರೆಯಾದ ಬಳಿಕ ಮುಂದಿನ ಓದುಗರಿಗೆ ಉಳಿಯುವುದು ಅರ್ಥವಿವರಣೆಯೊಂದೇ. ಹೊರಜಗಲಿಯ ಹೆಸರಿನಲ್ಲಿ ಒಳಗಿನ ಹಾಸಿಗೆಯನ್ನು ದಾಖಲಿಸಿದರೆ, ಅದರೊಡನೆ ಆ ಮನೆಯ ರಚನೆಯ ತರ್ಕವೇ ಮರೆಯಾಗುತ್ತದೆ.