ಮಾವಿನ ಮರದ ಬಿಡುವಿನ ವರ್ಷ

ನಮ್ಮ ಕವಿಗಳಿಂದ ಮಾವಿನ ಮರ ಪಡೆದಷ್ಟು ಮನ್ನಣೆಯನ್ನು ಬೇರೆ ಯಾವ ಮರವೂ ಪಡೆದಿರಲಾರದು. ಮನ್ಮಥನ ಐದು ಬಾಣಗಳಲ್ಲಿ ಅದರ ಹೂವೂ ಒಂದು. ಅದು ಚಿಗುರದಿದ್ದರೆ ಕೋಗಿಲೆಗೆ ಕಂಠವಿಲ್ಲ. ಅದರ ತಳಿರಿಲ್ಲದೆ ಯುಗಾದಿಯ ಬಾಗಿಲಿಗೆ ತೋರಣವಿಲ್ಲ. ಆದರೆ ಆ ಮರದ ಇನ್ನೊಂದು ಸ್ವಭಾವವನ್ನು ಕುರಿತು ರಸಿಕರು ಅಷ್ಟಾಗಿ ಮಾತನಾಡುವುದಿಲ್ಲ. ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಹೊತ್ತ ಮರ ಮರುವರ್ಷ ಬರಿಯ ಎಲೆಯನ್ನು ಹೊತ್ತು ಸುಮ್ಮನೆ ನಿಂತುಬಿಡುತ್ತದೆ. ಹಿತ್ತಲಲ್ಲಿ ಮಾವಿನ ಮರವುಳ್ಳವರೆಲ್ಲರಿಗೂ ಇದು ತಿಳಿದ ಸಂಗತಿಯೇ. ತಿಳಿದಿದ್ದೂ, ಅಂಥ ವರ್ಷ ಬಂದಾಗಲೆಲ್ಲ ನಾವು ಮರದ ಮೇಲೆ ಮುನಿಸಿಕೊಳ್ಳುತ್ತೇವೆ.

ಮುನಿಸಿಗೆ ತಕ್ಕ ಉಪಾಯಗಳೂ ಉಂಟು. ಯಾರದೋ ಕಣ್ಣು ಬಿದ್ದಿದೆಯೆಂದು ಕೊಂಬೆಗೆ ಹಳೆಯ ಚಪ್ಪಲಿಯನ್ನು ಕಟ್ಟುವವರುಂಟು. ಕೊಡಲಿ ಹಿಡಿದು ಬುಡದಲ್ಲಿ ನಿಂತು, ‘ಬರುವ ವರ್ಷವೂ ಹೀಗೇ ನಿಂತೆಯೋ, ನೋಡಿಕೋ’ ಎಂದು ಗದರಿಸುವವರುಂಟು. ಕಾಂಡಕ್ಕೆ ಮೊಳೆ ಹೊಡೆಯುವವರೂ ಉಂಟು. ಇದರ ಹಿಂದಿರುವ ನಂಬಿಕೆ ಬಹಳ ಹಳೆಯದು. ತರುಣಿಯ ಪಾದ ಸೋಕಿದರೆ ಅಶೋಕ ಅರಳುತ್ತದೆಂದು ನಮ್ಮ ಕಾವ್ಯಪರಂಪರೆ ಹೇಳಿತು. ಶಾಕುಂತಲದ ಆರನೆಯ ಅಂಕದಲ್ಲಿ ವಿರಹಿಯಾದ ದುಷ್ಯಂತ ವಸಂತೋತ್ಸವವನ್ನು ನಿಷೇಧಿಸಿದಾಗ, ಮಾವಿನ ಮೊಗ್ಗು ಕೂಡ ಅರಸನ ಆಜ್ಞೆಗೆ ಅಂಜಿ ಅರಳದೆ ನಿಂತಿದೆಯೆಂದು ಕಂಚುಕಿ ನುಡಿಯುತ್ತಾನೆ. ಮರದ ಫಲ ಮನುಷ್ಯನ ಮನಸ್ಸನ್ನು ಅನುಸರಿಸುತ್ತದೆಂಬ ಈ ಕಲ್ಪನೆ ರಂಗದ ಮೇಲೆ ರಮಣೀಯವಾದದ್ದು. ಹಿತ್ತಲಿಗೆ ತಂದರೆ ಅದರಿಂದ ಮರಕ್ಕೇ ಅಪಾಯ. ಏಕೆಂದರೆ ಮರ ಅನುಸರಿಸುವುದು ತನ್ನ ಹಿಂದಿನ ವರ್ಷವನ್ನು.

ಇದು ಹೇಗೆಂದು ನೋಡೋಣ. ಮಾವಿನ ಹೂಗೊಂಚಲು ಸಾಮಾನ್ಯವಾಗಿ ಹೊರಡುವುದು ರೆಂಬೆಯ ತುದಿಯಲ್ಲಿ. ಎಲ್ಲ ರೆಂಬೆಗೂ ಆ ಯೋಗ್ಯತೆ ಇರುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಚಿಗುರಿ, ಎಲೆ ಬಲಿತು, ಕೆಲವು ತಿಂಗಳ ವಯಸ್ಸಾದ ರೆಂಬೆಗೆ ಮಾತ್ರ ಅದುಂಟು. ಅಂಥ ರೆಂಬೆಗೆ ಮಾರ್ಗಶಿರ, ಪುಷ್ಯಮಾಸಗಳ ಚಳಿಯೂ ಒಣಹವೆಯೂ ತಗುಲಿದಾಗ ತುದಿಯ ಮೊಗ್ಗು ಹೂವಾಗಿ ಒಡೆಯುತ್ತದೆ. ರೆಂಬೆ ಎಳೆಯದಾಗಿದ್ದರೆ ಅದೇ ಮೊಗ್ಗು ಸುಪ್ತವಾಗಿ ಉಳಿಯುತ್ತದೆ, ಇಲ್ಲವೆ ಎಲೆಯಾಗುತ್ತದೆ. ಈಗ ಭರ್ತಿ ಫಸಲಿನ ವರ್ಷವನ್ನು ನೆನೆಯಿರಿ. ವೈಶಾಖ, ಜ್ಯೇಷ್ಠಗಳವರೆಗೂ ಕಾಯಿಯನ್ನು ಹೊತ್ತ ರೆಂಬೆ ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಕಾಯಿಗೆ ಧಾರೆಯೆರೆದಿರುತ್ತದೆ. ಹಣ್ಣು ಇಳಿದ ಮೇಲೆ ಅದು ಚೇತರಿಸಿಕೊಂಡು ಚಿಗುರುವಾಗ ತಡವಾಗಿರುತ್ತದೆ. ಕೆಲವು ರೆಂಬೆಗಳು ಆ ವರ್ಷ ಚಿಗುರುವುದೇ ಇಲ್ಲ. ತಡವಾದ ಚಿಗುರು ಚಳಿಗಾಲದ ಹೊತ್ತಿಗೆ ಬಲಿತಿರುವುದಿಲ್ಲ. ಹೂವಿಲ್ಲದ ಆ ವರ್ಷ ಮರಕ್ಕೆ ಖರ್ಚಿಲ್ಲ. ಅದು ಸಕಾಲದಲ್ಲಿ ಚಿಗುರುತ್ತದೆ, ಕೂಡಿಡುತ್ತದೆ, ಮೂರನೆಯ ವರ್ಷ ಮತ್ತೆ ಮೈತುಂಬ ಹೂ ಬಿಡುತ್ತದೆ.

ಖರ್ಚಿನ ಲೆಕ್ಕವೊಂದೇ ಇಲ್ಲಿ ಸಾಲದು. 1926ರಲ್ಲಿ ಜಪಾನಿನ ಕುರೊಸಾವಾ ಎಂಬ ವಿಜ್ಞಾನಿ ಭತ್ತದ ಒಂದು ರೋಗವನ್ನು ಪರೀಕ್ಷಿಸುತ್ತಿದ್ದರು. ರೋಗ ತಗುಲಿದ ಪೈರು ಅಳತೆಮೀರಿ ಎತ್ತರಕ್ಕೆ ಬೆಳೆದು ಸೊರಗುತ್ತಿತ್ತು. ಅಲ್ಲಿಯ ಜನ ಅದನ್ನು ‘ಪೆದ್ದು ಸಸಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಮುಂದೆ ಗಿಬ್ಬೆರೆಲಿನ್ ಎಂದು ಹೆಸರಾದ ಈ ಬಗೆಯ ವಸ್ತುಗಳು ಗಿಡಮರಗಳ ಮೈಯಲ್ಲೂ, ವಿಶೇಷವಾಗಿ ಬೆಳೆಯುತ್ತಿರುವ ಬೀಜದಲ್ಲೂ ಇರುವುದು ಆಮೇಲೆ ಗೊತ್ತಾಯಿತು. ಬೀಜವಿಲ್ಲದೆಯೂ ಕಾಯಿಗಟ್ಟಬಲ್ಲ ಸೇಬಿನ ಜಾತಿಯೊಂದನ್ನು ಹಿಡಿದು ಚಾನ್ ಮತ್ತು ಕೇನ್ ಎಂಬಿಬ್ಬರು ಮಾಡಿದ ಪ್ರಯೋಗ 1967ರಲ್ಲಿ ಪ್ರಕಟವಾಯಿತು. ಬೀಜವಿಲ್ಲದ ಹಣ್ಣನ್ನು ಹೊತ್ತ ಭಾಗ ಮರುವರ್ಷವೂ ಹೂ ಬಿಟ್ಟಿತು. ಬೀಜವುಳ್ಳ ಹಣ್ಣನ್ನು ಹೊತ್ತ ಭಾಗದಲ್ಲಿ ಹೂ ಕುಗ್ಗಿತು. ಮಾವು ಸೇಬಲ್ಲ, ಅದರ ರೀತಿನೀತಿಗಳೇ ಬೇರೆ. ಆದರೂ ಗಿಬ್ಬೆರೆಲಿನ್ ಸಿಂಪಡಿಸಿದ ಮಾವಿನಲ್ಲಿಯೂ ಹೂ ತಡವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ನಾವು ರಸವನ್ನು ಹೀರಿ ತಿಪ್ಪೆಗೆ ಎಸೆಯುವ ವಾಟೆಯೇ ಮರದ ಪಾಲಿಗೆ ಮಗು. ಕೈಯಲ್ಲೊಂದು ಕೂಸಿರುವಾಗ ಇನ್ನೊಂದು ಬೇಡವೆನ್ನುವ ವಿವೇಕ ಮನೆವಾರ್ತೆ ಬಲ್ಲವರಿಗೆ ಹೊಸದಲ್ಲ.

ಆದರೆ ಒಂದು ಮರದ ಸರತಿ ಇಡೀ ಸೀಮೆಯ ಸರತಿಯಾಗುವುದು ಹೇಗೆ? ಶ್ರೀನಿವಾಸಪುರದ ತೋಟಗಳೆಲ್ಲ ಒಂದು ವರ್ಷ ಒಟ್ಟಿಗೆ ತುಂಬಿ, ಮತ್ತೊಂದು ವರ್ಷ ಒಟ್ಟಿಗೆ ಬರಿದಾಗುವುದುಂಟು. ಇಲ್ಲಿ ಹವೆ ತನ್ನ ಕೈಯಾಡಿಸುತ್ತದೆ. ಒಂದೊಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿದ್ದರೂ ನೂರಕ್ಕೊಂದು ಹಣ್ಣಾಗುವುದೂ ಅಪರೂಪ. ಹೂವಿನ ಹೊತ್ತಿನಲ್ಲಿ ಮೋಡ ಕವಿದು ಅಕಾಲದ ಮಳೆ ಬಂದರೆ ಪರಾಗವನ್ನು ಸಾಗಿಸುವ ನೊಣಗಳು ಸುಳಿಯುವುದಿಲ್ಲ. ಬೂದಿರೋಗವೂ ಚಿಬ್ಬುರೋಗವೂ ಜಿಗಿಹುಳುವೂ ಉಳಿದುದನ್ನು ಮುಗಿಸುತ್ತವೆ. ಹೀಗೆ ಫಸಲು ಕೆಟ್ಟ ವರ್ಷ ಸೀಮೆಯ ಮರಗಳಿಗೆಲ್ಲ ಏಕಕಾಲಕ್ಕೆ ಬಿಡುವು ದೊರೆಯುತ್ತದೆ. ಮರುವರ್ಷ ಎಲ್ಲವೂ ಒಮ್ಮೆಗೇ ಹೂ ಬಿಟ್ಟು, ಒಮ್ಮೆಗೇ ದಣಿಯುತ್ತವೆ. ಆ ಹೆಜ್ಜೆಯ ಮೇಳ ಮುಂದೆ ಕೆಲವು ವರ್ಷ ತಪ್ಪದು. ಭರ್ತಿ ಫಸಲಿನ ವರ್ಷ ಮಂಡಿಯಲ್ಲಿ ಬೆಲೆಯಿಲ್ಲ. ಬೆಲೆಯುಳ್ಳ ವರ್ಷ ತೋಟದಲ್ಲಿ ಕಾಯಿಲ್ಲ. ರೈತನಿಗೆ ಎರಡೂ ವರ್ಷ ಬಡವರ್ಷವೇ ಆಗುವ ಸಂಕಟ ಇದು. ಹೂವನ್ನು ನೋಡಿ ಒಂದೇ ವರ್ಷಕ್ಕೆ ತೋಟವನ್ನು ಗುತ್ತಿಗೆ ಹಿಡಿದವನಿಗಂತೂ ಮರದ ಮುಂದಿನ ವರ್ಷದ ಚಿಂತೆ ಇರಲು ಕಾರಣವೇ ಇಲ್ಲ.

ಎಲ್ಲ ಜಾತಿಗಳೂ ಇಷ್ಟು ಸರತಿಗಾರರಲ್ಲವೆಂಬುದನ್ನು ಹೇಳಬೇಕು. ತೋತಾಪುರಿ, ನೀಲಂಗಳು ಬಹುಮಟ್ಟಿಗೆ ವರ್ಷವರ್ಷವೂ ಫಲ ಕೊಡುವಂಥವು. ಧಾರವಾಡದವರು ಆಪೂಸೆಂದೂ ನಮ್ಮ ಕಡೆಯವರು ಬಾದಾಮಿಯೆಂದೂ ಕರೆಯುವ ಹಣ್ಣಿಗೆ ರುಚಿ ಹೆಚ್ಚು, ನಿಯಮ ಕಡಿಮೆ. ಒಂದರ ರುಚಿಯನ್ನೂ ಇನ್ನೊಂದರ ನಿಯಮವನ್ನೂ ಕೂಡಿಸುವ ಆಸೆಯಿಂದ ತಜ್ಞರು ಕಸಿಗೂ ಮೀರಿದ ಬೀಗತನಗಳನ್ನು ಮಾಡಿದರು. ದಶೇರಿಗೂ ನೀಲಂಗೂ ಸಂಬಂಧ ಕುದುರಿಸಿ ಮಲ್ಲಿಕಾ, ಆಮ್ರಪಾಲಿಗಳನ್ನು ಪಡೆದರು. ಬೆಂಗಳೂರಿನ ಹೆಸರಘಟ್ಟದ ಸಂಶೋಧನಾಲಯದಲ್ಲಿ ಬಾದಾಮಿಗೆ ನೀಲಂ ಕೂಡಿ ಅರ್ಕಾ ನೀಲಕಿರಣ ಹುಟ್ಟಿತು.

ಇನ್ನು ಬಲವಂತದ ದಾರಿ. ಗಿಬ್ಬೆರೆಲಿನ್ ಹುಟ್ಟದಂತೆ ತಡೆಯುವ ಪ್ಯಾಕ್ಲೋಬ್ಯುಟ್ರಜಾಲ್ ಎಂಬ ರಾಸಾಯನಿಕವನ್ನು ನೀರಿನಲ್ಲಿ ಕಲಸಿ ಬುಡಕ್ಕೆ ಹಾಕಿದರೆ ಬಿಡುವಿನ ವರ್ಷದಲ್ಲಿಯೂ ಮರ ಹೂ ಬಿಡುವುದುಂಟು. ಅದು ಫಲಿಸುತ್ತದೆ, ಆದಕಾರಣವೇ ಎಚ್ಚರ ಬೇಕು. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುವ ವಸ್ತು. ಮರದ ಬೆಳವಣಿಗೆಯನ್ನೇ ಕುಗ್ಗಿಸುವ ವಸ್ತು. ಅಳತೆಯರಿತು, ಗೊಬ್ಬರ ನೀರುಗಳಿಂದ ಮರದ ಸಾಲ ತೀರಿಸುವವನ ಕೈಯಲ್ಲಿ ಅದು ಉಪಾಯ. ಒಂದೇ ವರ್ಷದ ಗುತ್ತಿಗೆದಾರನ ಕೈಯಲ್ಲಿ ಕೊಡಲಿಯ ಗದರಿಕೆಯ ಹೊಸ ರೂಪ. ಇದಕ್ಕಿಂತ ಸೌಮ್ಯವಾದ ದಾರಿಗಳೂ ಇವೆ. ಹಣ್ಣಿಳಿದ ಕೂಡಲೆ ಒಣಗಿದ, ಒತ್ತಾದ ರೆಂಬೆಗಳನ್ನು ಸವರಿ, ಮಳೆಯ ಹದದಲ್ಲಿಯೇ ಗೊಬ್ಬರ ಕೊಟ್ಟರೆ ಚಿಗುರು ಬೇಗ ಬರುತ್ತದೆ. ಭಾರ ಮೀರಿದ ಎಳೆಯ ಮರದಿಂದ ಮಿಡಿಯಲ್ಲಿಯೇ ಒಂದಿಷ್ಟನ್ನು ಕಿತ್ತು ಉಪ್ಪಿನಕಾಯಿಗೆ ಹಾಕಿದರೆ ಮರಕ್ಕೂ ಹಗುರ, ಮನೆಗೂ ರುಚಿ.

ಸಾಗರದ ಕಡೆಯ ನನ್ನ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಕಾಗದ ಬರೆದಿದ್ದರು. ಅವರ ಅಜ್ಜನ ಕಾಲದ ಅಪ್ಪೆಮಿಡಿ ಮರವೊಂದು ಹೊಳೆಯ ದಂಡೆಯಲ್ಲಿತ್ತು. ಮುರಿದರೆ ಜೀರಿಗೆಯ ಕಂಪು ಬೀರುವ ಮಿಡಿ. ಎರಡು ವರ್ಷ ಅದು ಹೂ ಬಿಟ್ಟಿರಲಿಲ್ಲ. ಹಲಗೆಯ ವ್ಯಾಪಾರಿಯೊಬ್ಬ ಒಳ್ಳೆಯ ಬೆಲೆ ಹೇಳಿದ್ದ. ‘ಮುದಿಯಾಯಿತೆಂದು ಮಕ್ಕಳು ಹೇಳುತ್ತಾರೆ. ಕೊಟ್ಟುಬಿಡಲೇ?’ ಎಂದು ಕೇಳಿದ್ದರು. ರೆಂಬೆಗಳು ಚಿಗುರಿವೆಯೇ ಎಂದು ನಾನು ಕೇಳಿದೆ. ಧಾರಾಳವಾಗಿ ಚಿಗುರಿವೆ ಎಂದು ಉತ್ತರ ಬಂತು. ಹಾಗಿದ್ದರೆ ಅದು ಸತ್ತಿಲ್ಲ, ಕೂಡಿಡುತ್ತಿದೆ ಎಂದು ಬರೆದೆ. ಇನ್ನೊಂದು ಮಾತನ್ನೂ ಸೇರಿಸಿದೆ: ಅಂಥ ಮರದ ವಾಟೆಯನ್ನು ನೆಟ್ಟರೆ ಸಾಮಾನ್ಯವಾಗಿ ಅದೇ ಗುಣದ ಮರ ಬರುವುದಿಲ್ಲ, ಕಸಿ ಕಟ್ಟದೆ ಕಡಿದರೆ ಆ ಕಂಪು ಆ ಮರದೊಂದಿಗೇ ಮುಗಿಯಿತು. ಅವರು ಕಡಿಯಲಿಲ್ಲ. ಆ ಮಳೆಗಾಲದಲ್ಲಿ ಕಸಿಗೆ ಕಡ್ಡಿ ತೆಗೆಸಿದರು. ಮಲೆನಾಡಿನಲ್ಲಿ ಹೀಗೆ ಕಸಿಯಿಂದ ಅಪ್ಪೆಯ ಜಾತಿಗಳನ್ನು ಉಳಿಸಿದ ಕೃಷಿಕರು ಹಲವರಿದ್ದಾರೆ. ಕಾಯದೆ ಕಡಿದವರೂ ಇದ್ದಾರೆ. ಕಡಿದವರಿಗೆ ತಾವು ಏನನ್ನು ಕಳೆದುಕೊಂಡೆವೆಂಬುದು ಉಪ್ಪಿನಕಾಯಿಯ ಭರಣಿ ಬರಿದಾದ ಮೇಲೆ ತಿಳಿದಿರಬೇಕು.

ವರ್ಷಕ್ಕೊಮ್ಮೆ ಲೆಕ್ಕ ಮುಗಿಸುವುದು ನಮ್ಮ ಪದ್ಧತಿ. ಯುಗಾದಿಯಿಂದ ಯುಗಾದಿಗೆ, ಪರೀಕ್ಷೆಯಿಂದ ಪರೀಕ್ಷೆಗೆ ನಾವು ಲಾಭನಷ್ಟಗಳನ್ನು ಎಣಿಸುತ್ತೇವೆ. ಮಾವಿನ ಖಾತೆಯ ಪುಟ ಅದಕ್ಕಿಂತ ಅಗಲವಾದದ್ದು. ಎರಡು ವರ್ಷವನ್ನು ಕೂಡಿಸಿ ಓದಿದಲ್ಲದೆ ಅದರ ಮೊತ್ತ ಸಿಗುವುದಿಲ್ಲ. ಈ ಸಲ ನಿಮ್ಮ ಹಿತ್ತಲ ಮರ ಹೂ ಬಿಡದಿದ್ದರೆ ಅದರ ತುದಿರೆಂಬೆಯನ್ನೊಮ್ಮೆ ಬಗ್ಗಿಸಿ ನೋಡಿ. ಎಲೆ ಬಲಿತು ಹಸುರಾಗಿದ್ದರೆ, ಬುಡಕ್ಕೆರಡು ಬುಟ್ಟಿ ಗೊಬ್ಬರ ಹಾಕಿಸಿ ಬರುವ ಚಳಿಗಾಲವನ್ನು ಕಾಯಿರಿ.