ಎಲೆ ಸುಳ್ಳು ಹೇಳಲ್ಲ, ಹೇಳೋರು ನಾವು!

‘ಅಣ್ಣಾ, ನಾನು ಹೀರೋ ಆಗ್ತೀನಾ?’

ಕೇಳಿದವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬಹುದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವ ಹುಡುಗ. ಭಾನುವಾರ ಬಂತೆಂದರೆ ಕಂಠೀರವ ಸ್ಟುಡಿಯೋಗೆ ಹಾಜರ್! ಅಣ್ಣಾವ್ರ ಸಮಾಧಿಗೊಂದು ನಮಸ್ಕಾರ, ಅಪ್ಪು ಸಮಾಧಿಗೊಂದು ನಮಸ್ಕಾರ, ಆಮೇಲೆ ರಸ್ತೆ ಬದಿಯ ಅಂಗಡಿಯಲ್ಲಿ ಬೈ-ಟೂ ಟೀ. ಈ ಬಡಪಾಯಿ ಪತ್ರಕರ್ತ ಟ್ಯಾರೋ ನೋಡುತ್ತಾನೆ ಅಂತ ಯಾರೋ ಅವನ ಕಿವಿಗೆ ಊದಿದ್ದರು.

ಎಲೆ ಕಲೆಸಿ ಮುಂದಿಟ್ಟೆ. ಒಂದನ್ನು ಎಳೆದ. ತಿರುಗಿಸಿ ನೋಡಿದರೆ... ‘ದಿ ಫೂಲ್’!

ಅಂದರೆ ಮೂರ್ಖ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಆ ಪದ ಯಾರಿಗೆ ಗೊತ್ತಿಲ್ಲ? ಹುಡುಗನ ಮುಖ ಆರಿದ ಟೀಯಂತಾಯಿತು.

ಅವನಿಗೆ ನಾನೇನು ಹೇಳಿದೆ? ತಾಳಿ ಗೆಳೆಯರೇ, ಅದು ಕ್ಲೈಮ್ಯಾಕ್ಸು. ಅದಕ್ಕೆ ಮುಂಚೆ ಒಂದು ಫ್ಲ್ಯಾಶ್‌ಬ್ಯಾಕ್ ಇದೆ. ಅದರಲ್ಲಿ ವಿಲನ್ ಬೇರೆ ಯಾರೂ ಅಲ್ಲ, ನಾನೇ!

ಚಕ್ರ ತಿರುಗಿತು ಗುರೂ!

ಆರು ವರ್ಷದ ಹಿಂದಿನ ಮಾತು. ಪಿಯುಸಿಗೆ ಅರ್ಧದಲ್ಲೇ ಕೈಮುಗಿದು, ಕಾಲಂಗಿಷ್ಟು ಅಂತ ಬರೆದುಕೊಂಡು, ಆರ್.ಟಿ. ನಗರದ ಒಂದು ರೂಮಿನಲ್ಲಿ ಬಿದ್ದಿದ್ದೆ. ಫೋನಿನಲ್ಲಿ ವಿಡಿಯೋ ನೋಡಿ ಮೂರೇ ವಾರದಲ್ಲಿ ಟ್ಯಾರೋ ಕಲಿತೆ. ಕಲಿತೆ ಅಂದುಕೊಂಡೆ, ಅಷ್ಟೇ. ಟೀ ಅಂಗಡಿಯಲ್ಲಿ ನನಗೆ ‘ಸ್ವಾಮೀಜಿ’ ಅಂತ ಹೆಸರೂ ಬಿತ್ತು. ಒಳಗೊಳಗೇ ಖುಷಿ!

ನನಗೊಬ್ಬ ಗೆಳೆಯ. ಹೆಸರು ಬೇಡ. ಸಂಬಳವಿಲ್ಲದ ಸಹಾಯಕ ನಿರ್ದೇಶಕ, ಮತ್ತಿಕೆರೆಯಲ್ಲಿ ವಾಸ. ಒಂದು ರಾತ್ರಿ ಓಡೋಡಿ ಬಂದ. ‘ಮಗಾ, ಒಬ್ಬ ಪ್ರೊಡ್ಯೂಸರ್ ಸಿಕ್ಕಿದಾನೆ. ಎರಡು ಲಕ್ಷ ತಂದ್ರೆ ಪಾಲುದಾರನಾಗಿ ಸೇರಿಸ್ಕೋತೀನಿ, ಕೋ-ಡೈರೆಕ್ಟರ್ ಅಂತ ಟೈಟಲ್ ಕಾರ್ಡಲ್ಲಿ ಹೆಸರು ಹಾಕ್ತೀನಿ ಅಂತಾನೆ. ಅಮ್ಮನ ಸರ ಅಡ ಇಡ್ಬೇಕು. ಏನ್ ಮಾಡ್ಲಿ? ಎಲೆ ತೆಗಿ.’

ತೆಗೆದೆ. ‘ವೀಲ್ ಆಫ್ ಫಾರ್ಚೂನ್’ ಬಂತು. ಅದೃಷ್ಟದ ಚಕ್ರ.

‘ಚಕ್ರ ತಿರುಗಿತು ಗುರೂ! ಕಣ್ಮುಚ್ಕೊಂಡು ಹಾಕು!’ ಎಂದೆ.

ಆ ಚಕ್ರದ ಒಂದು ಕಡೆ ಮೇಲೆ ಏರುವವನಿದ್ದರೆ ಇನ್ನೊಂದು ಕಡೆ ಕೆಳಗೆ ಇಳಿಯುವವನೂ ಇದ್ದಾನೆ. ನಾನು ಅದನ್ನು ನೋಡಲೇ ಇಲ್ಲ. ಗೆಳೆಯನ ಮುಖದಲ್ಲಿದ್ದ ಆಸೆಯನ್ನು ನೋಡಿ ಅದನ್ನೇ ಓದಿದೆ.

ಮುಹೂರ್ತ ಆಯಿತು, ಕಾಯಿ ಒಡೆಯಿತು, ಕ್ಯಾಮೆರಾ ಮುಂದೆ ನಿಂಬೆಹಣ್ಣೂ ಅಪ್ಪಚ್ಚಿಯಾಯಿತು. ನಾಲ್ಕು ದಿನ ಶೂಟಿಂಗ್. ಐದನೇ ದಿನ ಪ್ರೊಡ್ಯೂಸರ್ ಫೋನು ಸ್ವಿಚ್ ಆಫ್! ಕುಂಬಳಕಾಯಿ ಒಡೆಯುವ ದಿನ ಬರಲೇ ಇಲ್ಲ.

ಸುದ್ದಿ ತಿಳಿದು ಗೆಳೆಯನ ತಾಯಿ ಊರಿಂದ ಬಂದರು. ವಾಪಸ್ ಹೊರಟಾಗ ಯಶವಂತಪುರ ಸ್ಟೇಷನ್ನಿಗೆ ಬಿಡಲು ನಾನೂ ಹೋಗಿದ್ದೆ. ರೈಲು ಹತ್ತುವ ಮುಂಚೆ ಆ ತಾಯಿ ನನ್ನ ಕಡೆ ತಿರುಗಿ, ‘ಶಾಸ್ತ್ರ ನೋಡಿ ಹೇಳಿದ್ದು ನೀನೇನಪ್ಪಾ?’ ಎಂದರು. ಅಷ್ಟೇ. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ಬರಿಗೊರಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಟೀಚರಮ್ಮನ ಕ್ಲಾಸು

ಎಲೆಗಳನ್ನು ಬಚ್ಚಲೊಲೆಗೆ ಹಾಕಬೇಕು ಅಂತಲೇ ಹೊರಟಿದ್ದೆ. ತಡೆದವರು ನಮ್ಮ ಬೀದಿಯ ನಿವೃತ್ತ ಟೀಚರಮ್ಮ. ಅವರೂ ಟ್ಯಾರೋ ನೋಡುತ್ತಿದ್ದರು, ಬೋರ್ಡು ಗೀರ್ಡು ಇಲ್ಲದೆ. ನನ್ನ ಕಥೆ ಪೂರ್ತಿ ಕೇಳಿ ಹೇಳಿದರು: ‘ತಪ್ಪು ಎಲೇದಲ್ಲಪ್ಪ. ಎಲೆ ಬರೀ ಚಿತ್ರ. ಅದು ಸುಳ್ಳೂ ಹೇಳಲ್ಲ, ನಿಜಾನೂ ಹೇಳಲ್ಲ. ಹೇಳೋರು ನಾವು. ಮೊದಲು ಇದು ಎಲ್ಲಿಂದ ಬಂತು ತಿಳ್ಕೋ.’

ಟ್ಯಾರೋ ಅಂದರೆ ಒಟ್ಟು 78 ಎಲೆ. ದೊಡ್ಡ ಎಲೆ 22, ಚಿಕ್ಕವು 56. ಈಜಿಪ್ಟಿನ ಪುರಾತನ ರಹಸ್ಯ ಅಂತ ಪುಂಗಿ ಊದುವವರನ್ನು ನಂಬಬೇಡಿ! ಹದಿನೈದನೇ ಶತಮಾನದ ಇಟಲಿಯಲ್ಲಿ ಇದು ಹುಟ್ಟಿದ್ದು ಇಸ್ಪೀಟಿನಂತೆ ಆಡುವ ಆಟವಾಗಿ. ಈಜಿಪ್ಟಿನ ಕಥೆ ಕಟ್ಟಿದ್ದು 1781ರಲ್ಲಿ, ಕೂರ್ ದ ಜೆಬೆಲಿನ್ ಎಂಬ ಫ್ರಾನ್ಸಿನ ಬರಹಗಾರ. ನಮ್ಮ ಮೈಸೂರಿನಲ್ಲೂ ಚಿತ್ರದ ಎಲೆಗಳಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟಕ್ಕೆ ದೇವಾನುದೇವತೆಗಳ ಚಿತ್ರವಿರುವ ಎಲೆಗಳನ್ನೇ ಮಾಡಿಸಿದ್ದರು. ಅದು ಆಟವಾಗಿಯೇ ಉಳಿಯಿತು, ಇದು ಭವಿಷ್ಯವಾಯಿತು.

ಇವತ್ತು ಎಲ್ಲರ ಕೈಯಲ್ಲಿರುವ ಟ್ಯಾರೋ ಲಂಡನ್ನಿನಲ್ಲಿ 1909ರಲ್ಲಿ ಬಂದದ್ದು. ರೈಡರ್ ಪ್ರಕಾಶನ, ವೇಟ್ ಎಂಬಾತನ ಯೋಜನೆ. ಹೀಗಾಗಿ ‘ರೈಡರ್-ವೇಟ್’ ಅಂತಲೇ ಹೆಸರಾಯಿತು. ಆದರೆ 78 ಚಿತ್ರ ಬರೆದ ಕೈ ಯಾರದು? ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಹೆಣ್ಣುಮಗಳದು. ನಾಟಕದ ಕಂಪನಿಗಳ ಜತೆ ಕೆಲಸ ಮಾಡಿದವಳು. ಸಿಕ್ಕಿದ್ದು ಪುಡಿಗಾಸು. 1951ರಲ್ಲಿ ತೀರಿಕೊಂಡಾಗ ಮೈತುಂಬ ಸಾಲ! ಎಲೆಯ ಮೂಲೆಯಲ್ಲಿ ಅವಳ ಸಣ್ಣ ಸಹಿ ಈಗಲೂ ಇದೆ. ಥಿಯೇಟರಿನ ಮುಂದೆ ನಲವತ್ತಡಿ ಕಟೌಟ್ ಬರೆದ ಕಲಾವಿದನ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಾಗೇ ಇದು.

ಎಲ್ಲರಿಗೂ ಹೊಂದುವ ಅಂಗಿ

‘ಹಾಗಾದ್ರೆ ಭವಿಷ್ಯ ನಿಜ ಆಗುತ್ತಲ್ಲಾ, ಅದು ಹೇಗಮ್ಮಾ?’ ಎಂದು ಕೇಳಿದೆ. ಟೀಚರಮ್ಮ ನಕ್ಕರು.

‘ನಿನಗೆ ಶಕ್ತಿ ಇದೆ, ಆದರೆ ಪೂರ್ತಿ ಬಳಸಿಕೊಂಡಿಲ್ಲ. ಹೊರಗೆ ಗಟ್ಟಿ, ಒಳಗೆ ಅಳುಕು...’ ಈ ಮಾತು ನಿಮಗೆ ಹೊಂದುತ್ತದೆ ತಾನೆ? ನನಗೂ ಹೊಂದುತ್ತದೆ, ನಿಮ್ಮ ಬಸ್ಸಿನ ಕಂಡಕ್ಟರಿಗೂ ಹೊಂದುತ್ತದೆ! 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನೊಬ್ಬನ ಸ್ವಭಾವ’ ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಿದೆ, ಐದಕ್ಕೆ ಅಂಕ ಹಾಕಿ ಎಂದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ! ಅದರ ಸಾಲುಗಳನ್ನು ಅವನು ಎತ್ತಿದ್ದು ಜ್ಯೋತಿಷ್ಯದ ಪುಸ್ತಕದಿಂದ.

‘ಇಂಥ ಅಂಗಿ ಹೊಲಿದು ಮಾರೋದು ಸುಲಭ. ಎದುರಿಗೆ ಕೂತವನ ಬಟ್ಟೆ, ಚಪ್ಪಲಿ, ಬೆರಳಿನ ಉಂಗುರ ನೋಡಿ ಹೇಳೋದೂ ಸುಲಭ. ಅದು ಜಾಣತನ, ವಿದ್ಯೆ ಅಲ್ಲ’ ಅಂದರು ಟೀಚರಮ್ಮ. ‘ವಿದ್ಯೆ ಬೇಕಾದ್ರೆ ಬಾಯಿ ಮುಚ್ಚಿ ಕಿವಿ ತೆಗಿ.’

ಅವರ ಪದ್ಧತಿ ಬಹಳ ಸರಳ. ಮೂರು ಎಲೆ. ಉಳಿದವರು ನಿನ್ನೆ, ಇವತ್ತು, ನಾಳೆ ಅಂತ ಇಡುತ್ತಾರೆ. ಅವರಲ್ಲಿ ಮೂರನೆಯದು ‘ನಾಳೆ’ ಅಲ್ಲ, ‘ನನ್ನ ಕೈಲಿ ಏನಿದೆ?’ ಎಲೆ ಬಿದ್ದ ಕೂಡಲೇ ಅರ್ಥ ಹೇಳಬಾರದು. ‘ಈ ಚಿತ್ರದಲ್ಲಿ ನಿಂಗೇನು ಕಾಣ್ಸುತ್ತೆ?’ ಅಂತ ಕೇಳಬೇಕು. ಕೂತವನು ಚಿತ್ರದ ನೆಪದಲ್ಲಿ ತನ್ನ ಕಥೆ ತಾನೇ ಬಿಚ್ಚುತ್ತಾನೆ. ಅಲ್ಲಿ ಅವನಿಗೇ ಗೊತ್ತಿರುವ ಒಂದು ಉತ್ತರ ಇರುತ್ತದೆ. ಅದನ್ನು ಅವನ ಕಿವಿಗೆ ಕೇಳಿಸುವುದೇ ನಮ್ಮ ಕಸುಬು.

ಇನ್ನು ಕಟ್ಟುಪಾಡು. ದುಡ್ಡು ಎಷ್ಟು ಅಂತ ಮೊದಲೇ ಹೇಳು, ಆಮೇಲೆ ಒಂದು ಪೈಸೆ ಮುಟ್ಟಬೇಡ. ದೋಷ ಇದೆ, ಪರಿಹಾರಕ್ಕೆ ಹತ್ತು ಸಾವಿರ ಅಂದೆಯೋ, ಆವತ್ತೇ ಎಲೆ ಬಿಡು. ಕೇಳಿದ ಗುಟ್ಟು ಟೀ ಅಂಗಡಿಗೆ ಹೋಗಬಾರದು. ಅದೇ ಪ್ರಶ್ನೆ ಹಿಡಿದು ವಾರಕ್ಕೆರಡು ಸಲ ಬಂದರೆ ವಾಪಸ್ ಕಳಿಸು, ಅದು ಕುಡಿತದ ಥರ ಚಟ. ಸೈಟು, ಸಾಲ, ಒಡವೆ ವಿಷಯ ಬಂದರೆ ಎಲೆ ಮಡಿಸಿ, ‘ಪತ್ರ ಬರೆಸಿಕೊಂಡಿದೀಯಾ? ವಕೀಲರಿಗೆ ತೋರಿಸಿದೀಯಾ?’ ಅಂತ ಕೇಳು.

ಕೊನೆಯದನ್ನು ಹೇಳುವಾಗ ಟೀಚರಮ್ಮ ನನ್ನ ಮುಖ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ.

ಬಾಂಡ್ ಮಾಡಿದ್ದು ನಾವು ಮಾಡಬಾರದು

ಹುಡುಗರು ನೂರಕ್ಕೆ ತೊಂಬತ್ತು ಪಾಲು ಕೇಳುವ ಪ್ರಶ್ನೆ ಯಾವುದು? ನೀವೇ ಹೇಳಿಬಿಟ್ಟಿರಿ! ‘ಅವಳು ನನ್ನ ಲವ್ ಮಾಡ್ತಾಳಾ?’

1973ರ ಜೇಮ್ಸ್ ಬಾಂಡ್ ಚಿತ್ರ ‘ಲಿವ್ ಅಂಡ್ ಲೆಟ್ ಡೈ’ ನೋಡಿದ್ದೀರಾ? ರೋಜರ್ ಮೂರ್ ಮೊದಲ ಸಲ ಬಾಂಡ್ ಆದ ಚಿತ್ರ. ಅದರಲ್ಲಿ ಜೇನ್ ಸೀಮೋರ್ ಟ್ಯಾರೋ ನೋಡುವ ಚೆಲುವೆ. ನಮ್ಮ ಬಾಂಡ್ ಏನು ಮಾಡ್ತಾನೆ? ‘ಲವರ್ಸ್’ ಎಲೆಗಳನ್ನೇ ಜೋಡಿಸಿಟ್ಟ ಕಟ್ಟು ಅವಳ ಮುಂದೆ ಹಿಡೀತಾನೆ. ಅವಳು ಯಾವುದನ್ನು ಎಳೆದರೂ ಪ್ರೇಮಿಗಳೇ! ವಿಧಿಯಾಟ ಅಂತ ಹುಡುಗಿ ಸೋತುಹೋಗುತ್ತಾಳೆ. ಥಿಯೇಟರಲ್ಲಿ ಶಿಳ್ಳೆ.

ತೆರೆಯ ಮೇಲೆ ಶಿಳ್ಳೆ ಸರಿ. ಹೊರಗೆ ಅದಕ್ಕೆ ಮೋಸ ಅಂತ ಹೆಸರು. ಎದುರಿಗೆ ಇಲ್ಲದ ಹುಡುಗಿಯ ಮನಸ್ಸು ಓದುತ್ತೇನೆ ಅನ್ನುವವನೂ ಬಾಂಡನ ತಮ್ಮನೇ. ‘ಅವಳಿಗೂ ಮನಸ್ಸಿದೆ, ಹೋಗು’ ಅಂತ ಒಂದು ಮಾತು ಅಂದರೆ ಸಾಕು, ಬೇಡ ಅಂದವಳ ಹಿಂದೆ ಅವನು ಮೂರು ವರ್ಷ ಅಲೆಯುತ್ತಾನೆ. ಆ ಹುಡುಗಿಯ ಗತಿ? ಆದ್ದರಿಂದ ನಾನು ಪ್ರಶ್ನೆಯನ್ನೇ ತಿರುಗಿಸುತ್ತೇನೆ: ‘ಅವಳ ವಿಷಯ ಅವಳನ್ನೇ ಕೇಳು ತಮ್ಮಾ, ಮರ್ಯಾದೆಯಾಗಿ, ಒಂದೇ ಸಲ. ಬೇಡ ಅಂದ್ರೆ ಏನ್ ಮಾಡ್ತೀಯ? ಬಾ, ಅದಕ್ಕೆ ಬೇಕಾದ್ರೆ ಎಲೆ ತೆಗೆಯೋಣ.’ ಎಷ್ಟೋ ಜನ ಎದ್ದು ಹೋಗುತ್ತಾರೆ. ಹೋಗಲಿ.

ಹದಿಮೂರನೇ ನಂಬರ್

ಕಪ್ಪು ಕವಚ ತೊಟ್ಟ ಅಸ್ಥಿಪಂಜರ, ಬಿಳಿ ಕುದುರೆ. ಹದಿಮೂರನೇ ಎಲೆ, ‘ಡೆತ್’. ಸಾವು! ಪುಸ್ತಕದ ಪ್ರಕಾರ ಅದಕ್ಕೆ ಒಂದು ಕಾಲ ಮುಗಿದು ಇನ್ನೊಂದು ಶುರುವಾಗುವ ಅರ್ಥ. ಹಿಂದೆ ಎರಡು ಗೋಪುರದ ನಡುವೆ ಸೂರ್ಯನೂ ಇದ್ದಾನೆ. ನಾನೂ ‘ಇದು ಶುಭಂ ಅಲ್ಲ ಸಾರ್, ಬರೀ ಇಂಟರ್‌ವಲ್’ ಅಂತ ತಮಾಷೆ ಮಾಡುತ್ತಿದ್ದೆ.

2021ರ ಅಕ್ಟೋಬರ್ 29. ಅಪ್ಪು ಹೋದ ದಿನ. ನಲವತ್ತಾರರ ವಯಸ್ಸು, ಎದೆನೋವು ಅಂದವರು ತಿರುಗಿ ಬರಲಿಲ್ಲ. ಅದಾದ ವಾರದಲ್ಲಿ ಹೆಬ್ಬಾಳದ ಆಟೋ ಡ್ರೈವರ್ ಒಬ್ಬರು ಬಂದು ಕೂತರು. ‘ರಾತ್ರಿ ಎದೆ ಹಿಡಿದಂಗಾಗುತ್ತೆ. ನನ್ನ ಆಯಸ್ಸು ನೋಡು.’ ನನ್ನ ಕೈ ಎಲೆಯ ಕಟ್ಟಿನ ಮೇಲಿತ್ತು. ಹದಿಮೂರು ಬಂದರೆ ಅವರು ಅಲ್ಲೇ ಕುಸಿಯುತ್ತಾರೆ. ಸೂರ್ಯ ಬಂದರೆ ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಅಪಾಯ? ಯೋಚಿಸಿದಷ್ಟೂ ಬೆವರು.

ಎಲೆ ತೆಗೆಯಲಿಲ್ಲ. ‘ಇದು ಎಲೆಗೆ ಗೊತ್ತಿಲ್ಲಣ್ಣ, ಇಸಿಜಿಗೆ ಗೊತ್ತು. ನಡೀರಿ’ ಎಂದೆ. ಆಗ ಜಯದೇವ ಆಸ್ಪತ್ರೆಯಲ್ಲಿ ಅಪ್ಪು ಸುದ್ದಿ ಕೇಳಿ ಎದೆ ಪರೀಕ್ಷೆಗೆ ಬಂದವರ ದೊಡ್ಡ ಸಾಲೇ ಇತ್ತು. ಆ ಸಾಲಿನಲ್ಲಿ ನಾವೂ ನಿಂತೆವು. ಡಾಕ್ಟರು ಮಾತ್ರೆ ಬರೆದರು, ಬೀಡಿ ಬಿಡಿಸಿದರು. ಆ ಅಣ್ಣ ಇವತ್ತಿಗೂ ಆಟೋ ಓಡಿಸುತ್ತಾರೆ. ನನ್ನ ಜೀವಮಾನದ ಅತ್ಯುತ್ತಮ ಭವಿಷ್ಯ ಯಾವುದು ಅಂದರೆ, ನಾನು ಹೇಳದೇ ಬಿಟ್ಟದ್ದು!

ಈಗ ಕ್ಲೈಮ್ಯಾಕ್ಸು

ಟೀ ಅಂಗಡಿಗೆ ಬರೋಣ. ಹುಡುಗನ ಕೈಯಲ್ಲಿ ಇನ್ನೂ ‘ಫೂಲ್’ ಇದ್ದಾನೆ.

‘ಹೆಸರು ಬಿಡು ತಮ್ಮಾ. ಚಿತ್ರ ನೋಡು. ಏನಿದೆ?’

ನೋಡಿದ. ಒಬ್ಬ ಯುವಕ. ಹೆಗಲ ಮೇಲಿನ ಕೋಲಿಗೆ ಸಣ್ಣ ಗಂಟು, ಕೈಲಿ ಬಿಳಿ ಗುಲಾಬಿ. ಕಾಲ ಬಳಿ ನಾಯಿ. ಒಂದು ಹೆಜ್ಜೆ ಮುಂದಿಟ್ಟರೆ ಪ್ರಪಾತ! ಆದರೆ ಅವನ ಕಣ್ಣು ಆಕಾಶದಲ್ಲಿ.

‘ಯಶವಂತಪುರದಲ್ಲಿ ರೈಲಿಳಿದಾಗ ನಾನೂ ಹಿಂಗೇ ಇದ್ದೆ ಅಣ್ಣಾ’ ಅಂದ, ಮೆಲ್ಲಗೆ.

‘ಗಂಟಲ್ಲೇನಿದೆ?’

‘ಮೂವತ್ತೆರಡು ಸಾವಿರ. ಕೂಡಿಟ್ಟಿದ್ದು. ಕೆಲಸ ಬಿಟ್ಟು ಆ್ಯಕ್ಟಿಂಗ್ ಸ್ಕೂಲಿಗೆ ಕಟ್ಟೋಣ ಅಂತ.’

‘ನಾಯಿ ಯಾಕೆ ಬೊಗಳ್ತಿದೆ?’

ಬಹಳ ಹೊತ್ತು ಸುಮ್ಮನಿದ್ದ. ‘ನಮ್ಮವ್ವ ಕಣಣ್ಣ. ದಿನಾ ಫೋನ್ ಮಾಡ್ತಾಳೆ, ನಾನು ಎತ್ತಲ್ಲ.’

ನಾನು ಹೀರೋ ಆಗ್ತೀಯ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಅದು ನನಗೆ ಗೊತ್ತಿಲ್ಲ. ‘ಕಣ್ಣು ಆಕಾಶದಲ್ಲಿರಲಿ ತಮ್ಮಾ, ತಪ್ಪೇನಿಲ್ಲ. ಕಾಲು ಎಲ್ಲಿದೆ ಅಂತ ನೀನೇ ನೋಡ್ಕೋ’ ಎಂದೆ. ಕೆಲಸ ಬಿಡದೆ ಭಾನುವಾರ ನಾಟಕದ ತಂಡ ಸೇರಿದರೆ ಹೇಗೆ ಅಂತ ಅವನೇ ಕೇಳಿದ, ಅವನೇ ಉತ್ತರವನ್ನೂ ಹೇಳಿಕೊಂಡ. ಟೀ ದುಡ್ಡು ಕೊಟ್ಟು, ಫೋನು ಕಿವಿಗಿಟ್ಟುಕೊಂಡು ಮೆಟ್ರೋ ಕಡೆ ನಡೆದ. ‘ಅವ್ವಾ...’ ಅನ್ನುವುದಷ್ಟೇ ನನಗೆ ಕೇಳಿಸಿದ್ದು.

ಮತ್ತೆ ನನ್ನ ಆ ಗೆಳೆಯ? ಈಗ ಯಲಹಂಕದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಹೋದ ವರ್ಷ ತಾಯಿಯ ಸರ ಬಿಡಿಸಿಕೊಂಡ. ನನ್ನ ಜತೆ ಮಾತಾಡುತ್ತಾನೆ, ನಗುತ್ತಾನೆ, ಟೀ ಕುಡಿಸುತ್ತಾನೆ. ‘ಎಲೆ ತೆಗಿ’ ಅಂತ ಮಾತ್ರ ಇವತ್ತಿನವರೆಗೂ ಕೇಳಿಲ್ಲ.

ನಾನೂ ತೆಗೆಯುತ್ತೇನೆ ಅಂತ ಹೇಳಿಲ್ಲ.